ಅಜ್ಜಿಗೆ ಹೇಳಿದ ಮಾತು

ಮಕ್ಕಳನ್ನು ಶಿಸ್ತಿನಲ್ಲಿ ಬೆಳೆಸಿದೆನೆಂಬ ಹೆಮ್ಮೆ ನನಗೆ ಬಹುಕಾಲ ಇದ್ದಿತು. ಅದು ಒಂದೇ ಸಂಜೆಯಲ್ಲಿ ಇಳಿದುಹೋದ ಬಗೆಯನ್ನು ವಾಚಕರ ಮುಂದಿಡುವುದು ಸಂಕೋಚದ ಕೆಲಸವೇ ಸರಿ. ಆದರೂ ನನ್ನಂತಹ ಗೃಹಸ್ಥರು ಅನೇಕರಿರುವರೆಂಬುದನ್ನು ಬಲ್ಲೆನಾದುದರಿಂದ ಬರೆಯುತ್ತಿದ್ದೇನೆ.

ನಮ್ಮ ಮಗಳಿಗೆ ಆಗ 15 ವರ್ಷ. ಹತ್ತನೆಯ ತರಗತಿಯ ಪಾಠಗಳಿಗೆ ಬೇಕೆಂದು ಅವಳ ಕೈಗೆ ಫೋನನ್ನು ಕೊಟ್ಟ ದಿನವೇ ನಾನು ಗದರಿಸಿ ಹೇಳಿದ್ದೆನು: “ಇದರಿಂದ ಏನಾದರೂ ರಗಳೆ ಬಂದಿತೋ, ಆ ಕ್ಷಣವೇ ಕಿತ್ತುಕೊಳ್ಳುವೆನು.” ಮನೆಯ ಯಜಮಾನನು ಆಡಬೇಕಾದ ಮಾತನ್ನೇ ಆಡಿದೆನೆಂದು ತೃಪ್ತಿಪಟ್ಟೆನು. ಅದು ಮಗಳ ಬಾಯಿಗೆ ಹಾಕಿದ ಬೀಗವೆಂದು ನನಗೆ ಹೊಳೆಯಲಿಲ್ಲ.

ಕೆಲವು ತಿಂಗಳುಗಳ ತರುವಾಯ ಅವಳ ಊಟ ಕಡಿಮೆಯಾಯಿತು. ಫೋನು ಸದ್ದುಮಾಡಿದರೆ ಬೆಚ್ಚಿಬೀಳುವಳು. ಪರೀಕ್ಷೆಯ ಚಿಂತೆಯಿರಬೇಕೆಂದು ನಾವು ಸುಮ್ಮನಿದ್ದೆವು. ಒಂದು ಸಂಜೆ ಹೂಬತ್ತಿ ಹೊಸೆಯುತ್ತಿದ್ದ ನನ್ನ ತಾಯಿಯವರ ಬಳಿ ಹೋಗಿ ಕುಳಿತು ಅವಳು ಅತ್ತಳು. ನನ್ನ ತಾಯಿಯವರಿಗೆ ಫೋನಿನಲ್ಲಿ ಹಸುರು ಗುಂಡಿಯನ್ನೊತ್ತಿ ಮಾತನಾಡುವುದರ ಹೊರತು ಬೇರೇನೂ ತಿಳಿಯದು. ಆದರೆ ಮತ್ತೊಬ್ಬರ ಮಾತನ್ನು ಕೇಳಲು ತಿಳಿದಿದ್ದಿತು. ಅವರು ಹತ್ತಿಯನ್ನು ಬದಿಗಿರಿಸಿ, ಎಲ್ಲವನ್ನೂ ಕೇಳಿ, “ಹೆದರಿಸಿದವನದು ತಪ್ಪು ಕಣಮ್ಮ, ಹೆದರಿದವಳದಲ್ಲ” ಎಂದು ತಲೆ ಸವರಿ, ಅವಳ ಕೈ ಹಿಡಿದುಕೊಂಡೇ ನನ್ನಲ್ಲಿಗೆ ಬಂದರು.

ಸಂಗತಿಯಿಷ್ಟು. ಜಾಲತಾಣವೊಂದರಲ್ಲಿ ತಾನೂ ಅದೇ ವಯಸ್ಸಿನ ಹುಡುಗಿಯೆಂದು ಹೇಳಿಕೊಂಡ ಯಾರೋ ಅವಳ ಸ್ನೇಹ ಬೆಳೆಸಿದ್ದರು. ಮೊದಲು ಹಾಡುಗಳ ಮಾತು, ಬಳಿಕ ಶಾಲೆಯ ಮಾತು, ಕೊನೆಗೆ ಮನೆಯ ಮಾತು. ಒಂದು ದಿನ ಆ ಸ್ನೇಹದ ಬಣ್ಣ ಬದಲಾಯಿತು. ಎಲ್ಲರಿಗೂ ಕಾಣುವಂತೆ ಮಗಳು ಹಾಕಿದ್ದ ಹಬ್ಬದ ಚಿತ್ರದಿಂದ ಅವಳ ಮುಖವನ್ನು ತೆಗೆದು, ಅಸಹ್ಯವಾದ ಬೇರೊಂದು ಚಿತ್ರಕ್ಕೆ ಸೇರಿಸಿ, ಹಣ ಕೊಡದಿದ್ದರೆ ಶಾಲೆಯವರಿಗೆಲ್ಲ ಕಳುಹಿಸುವೆನೆಂದು ಬೆದರಿಕೆ ಬಂದಿತು. ಹನ್ನೊಂದು ದಿನ ಈ ಭಾರವನ್ನು ಅವಳೊಬ್ಬಳೇ ಹೊತ್ತಿದ್ದಳು.

“ನನಗೇಕೆ ಹೇಳಲಿಲ್ಲ, ಮಗು?” ಎಂದೆನು.

“ಫೋನು ಕಿತ್ತುಕೊಳ್ಳುವೆನೆಂದು ಹೇಳಿದ್ದಿರಲ್ಲ, ಅಪ್ಪ. ಶಾಲೆಯನ್ನೂ ಬಿಡಿಸುವಿರೇನೋ ಎಂದು ಭಯವಾಯಿತು.”

ನನ್ನಲ್ಲಿ ಉತ್ತರವಿರಲಿಲ್ಲ. ಆ ದುರುಳನ ಬಲವೆಲ್ಲ ಇದ್ದುದು ಅವಳ ಮೌನದಲ್ಲಿ. ಆ ಮೌನವನ್ನು ಅವನಿಗೆ ಒದಗಿಸಿಕೊಟ್ಟವನು ನಾನು.

ಸಿಟ್ಟಿನಿಂದ ಎಲ್ಲವನ್ನೂ ಅಳಿಸಿಹಾಕಲು ಹೊರಟ ನನ್ನನ್ನು ಮಗಳೇ ತಡೆದಳು. ಅಳಿಸಿದರೆ ಸಾಕ್ಷ್ಯವೇ ಹೋಗುವುದು. ಹಣ ಕೊಡಲಿಲ್ಲ, ಮಾರುತ್ತರವನ್ನೂ ಬರೆಯಲಿಲ್ಲ. ಬಂದ ಸಂದೇಶಗಳಿಗೂ ಆ ಖಾತೆಯ ಹೆಸರಿಗೂ ಸ್ಕ್ರೀನ್‌ಷಾಟ್ ತೆಗೆದಿರಿಸಿ, ಆಮೇಲೆ ಆ ಖಾತೆಯನ್ನು ಬ್ಲಾಕ್ ಮಾಡಿ, ತಾಣದವರಿಗೆ ದೂರು ಕೊಟ್ಟೆವು. ಸೈಬರ್ ಅಪರಾಧಗಳ ಸಹಾಯವಾಣಿಯಾದ 1930ಕ್ಕೆ ಕರೆಮಾಡಿ, ಮರುದಿನ ಪೊಲೀಸ್ ಠಾಣೆಗೆ ಹೋದೆವು. 18 ವರ್ಷ ತುಂಬದವರ ಅಶ್ಲೀಲ ಚಿತ್ರವನ್ನು, ಅದು ನಿಜವಾದುದಿರಲಿ ಕೃತಕವಾಗಿ ಕಟ್ಟಿದುದಿರಲಿ, ಪ್ರಕಟಿಸುವೆನೆಂದು ಬೆದರಿಸುವುದೇ 2012ರ ಪೋಕ್ಸೊ ಕಾಯಿದೆಯ ಪ್ರಕಾರ ಅಪರಾಧವೆಂದು ನಾನು ತಿಳಿದುಕೊಂಡದ್ದು ಆಗಲೇ. ದೊಡ್ಡವರಿಗೆ ಹೇಳಲಾರದ ಮಕ್ಕಳು 1098ಕ್ಕೆ ತಾವೇ ಕರೆಮಾಡಬಹುದು. ಬೆದರಿಸಿದವನು ಸಿಕ್ಕಿದನೆಂಬ ಸುದ್ದಿ ಇದುವರೆಗೆ ಬಂದಿಲ್ಲ. ಆದರೆ ಆ ಚಿತ್ರವೂ ಯಾರಿಗೂ ಬರಲಿಲ್ಲ.

ಈಗ ನಮ್ಮ ಮನೆಯಲ್ಲಿ ಕೆಲವು ಏರ್ಪಾಡುಗಳಾಗಿವೆ. ಮಗಳ ಖಾತೆ ಪರಿಚಿತರಿಗೆ ಮಾತ್ರ ಕಾಣುವಂತಿದೆ. ಶಾಲೆಯ ಹೆಸರು, ಸಮವಸ್ತ್ರ, ಮನೆಯ ಬೀದಿ ಚಿತ್ರಗಳಲ್ಲಿ ಕಾಣದಂತೆ ಅವಳೇ ನೋಡಿಕೊಳ್ಳುವಳು. ವಯಸ್ಸನ್ನು ನಿಜವಾಗಿ ಬರೆಯುವುದೂ ಮುಖ್ಯ. ಇನ್‌ಸ್ಟಾಗ್ರಾಂನಲ್ಲಿ 13 ವರ್ಷ ತುಂಬದವರು ಖಾತೆ ತೆರೆಯಕೂಡದೆಂಬ ನಿಯಮವಿದೆ. 18ರ ಒಳಗಿನವರ ಖಾತೆಗಳು ತಾವಾಗಿಯೇ ಖಾಸಗಿಯಾಗಿರುವ ಏರ್ಪಾಡನ್ನು ಆ ಸಂಸ್ಥೆ 2024ರಲ್ಲಿ ಆರಂಭಿಸಿತು. ಸುಳ್ಳು ವಯಸ್ಸನ್ನು ಬರೆದ ಮಗುವಿಗೆ ಈ ರಕ್ಷಣೆ ತಪ್ಪಿಹೋಗಬಹುದು. ಮಕ್ಕಳ ಪರವಾಗಿ ಆ ಸುಳ್ಳನ್ನು ನಾವೇ ಬರೆದುಕೊಡುವುದೂ ಉಂಟಷ್ಟೆ!

ಆದರೆ ಈ ಏರ್ಪಾಡುಗಳೆಲ್ಲ ಬಾಗಿಲಿನ ಚಿಲಕಗಳು. ಚಿಲಕವನ್ನು ದಾಟಿ ಕಳ್ಳನು ಒಳಬಂದಾಗ ಮಗುವು ಕೂಗಿಕೊಳ್ಳಬೇಕು. ಕೂಗಿದರೆ ತನಗೇ ಪೆಟ್ಟು ಬೀಳುವುದೆಂದು ತಿಳಿದರೆ ಯಾವ ಮಗುವು ಕೂಗೀತು? ಆದುದರಿಂದ ನನ್ನ ಹಳೆಯ ಮಾತನ್ನು ಹಿಂದಕ್ಕೆ ಪಡೆದು, “ಏನೇ ಆಗಲಿ, ಮೊದಲು ನಮಗೆ ಹೇಳು, ಹೇಳಿದ್ದಕ್ಕಾಗಿ ಶಿಕ್ಷೆಯಿಲ್ಲ” ಎಂದು ಮಗಳಿಗೆ ಮಾತು ಕೊಟ್ಟಿದ್ದೇನೆ.

ಈಗ ಅವಳು ರಾತ್ರಿ ಊಟವಾದ ಮೇಲೆ ಒಮ್ಮೊಮ್ಮೆ ಬಂದು, “ಅಪ್ಪ, ಇದನ್ನು ನೋಡಿ” ಎಂದು ಫೋನನ್ನು ಮುಂದೆ ಹಿಡಿಯುವಳು. ಬಹುಪಾಲು ಅದರಲ್ಲಿ ಹುರುಳೇನೂ ಇರುವುದಿಲ್ಲ. ಆದರೂ ಕನ್ನಡಕ ಹಾಕಿಕೊಂಡು ಪೂರ್ತಿಯಾಗಿ ಓದುತ್ತೇನೆ.