ಬೀಜವಿಲ್ಲದ ಬಳ್ಳಿಯ ನಾಡಿನಲ್ಲಿ

ವಿಜಯಪುರದಿಂದ ಉತ್ತರಕ್ಕೆ ಹೊರಟ ಸೊಲ್ಲಾಪುರ ರಸ್ತೆ ತಿಡಗುಂದಿ, ಹೊರ್ತಿ, ಝಳಕಿಗಳನ್ನು ಹಿಂದೆ ಹಾಕಿ, ಧೂಳಖೇಡದ ಬಳಿ ಭೀಮಾ ನದಿಯನ್ನು ದಾಟಿ ಮಹಾರಾಷ್ಟ್ರ ಸೇರುತ್ತದೆ. ಸುಮಾರು ನೂರು ಕಿಲೋಮೀಟರಿನ ಹಾದಿ. ಬಸ್ಸಿನ ಕಿಟಕಿಯಲ್ಲಿ ಕಾಣುವುದು ಜೋಳ, ತೊಗರಿ, ಲಿಂಬೆ, ದಾರಿಬದಿಯ ಬೇವು. ಈ ಒಣ ಸೀಮೆಯಲ್ಲಿ ನಡುನಡುವೆ ಹಸಿರು ಚಪ್ಪರಗಳು ಎದುರಾದಾಗ ಹೊಸಬರಿಗೆ ಅಚ್ಚರಿ. ಅವು ದ್ರಾಕ್ಷಿ ತೋಟಗಳು. ವಿಜಯಪುರದಿಂದ ಪಶ್ಚಿಮದ ಕಡೆಗೆ, ತಿಕೋಟಾ ಮತ್ತು ಬಬಲೇಶ್ವರದತ್ತ ಹೊರಳಿದರಂತೂ ಇಂಥ ತೋಟಗಳು ಇನ್ನೂ ದಟ್ಟ.

ತೋಟ ನೋಡಲು ಹೋದ ಶಾಲಾ ಹುಡುಗ, ‘ಕಾಕಾ, ಇದರ ಬೀಜ ಎಲ್ಲಿ ಸಿಗ್ತಾವು?’ ಎಂದು ಕೇಳಿದರೆ ರೈತ ನಗುತ್ತಾನೆ. ‘ಇದಕ್ಕ ಬೀಜ ಎಲ್ಲೈತಿ ತಮ್ಮಾ? ಕಡ್ಡಿ ಕಟ್ಟೋದು!’

ಮಾತು ನಿಜ. ಇಲ್ಲಿ ಹೆಚ್ಚಾಗಿ ಬೆಳೆಯುವುದು ಥಾಮ್ಸನ್ ಸೀಡ್‌ಲೆಸ್ ಮತ್ತು ಅದರ ಮರಿತಳಿಗಳನ್ನು. ಬೇರು ಒಂದು ಬಳ್ಳಿಯದು, ಹಣ್ಣು ಇನ್ನೊಂದರದು. ಅಮೆರಿಕದ ಟೆಕ್ಸಾಸ್ ಮೂಲದ ಡಾಗ್‌ರಿಡ್ಜ್ ಎಂಬ ಗಟ್ಟಿ ಬಳ್ಳಿಯನ್ನು ಮೊದಲು ನೆಡುತ್ತಾರೆ. ಸವುಳು ನೀರನ್ನೂ ನೀರಿನ ಕೊರತೆಯನ್ನೂ ಅದು ತಾಳಿಕೊಳ್ಳುತ್ತದೆ. ಮಳೆಗಾಲದ ಹೊತ್ತಿಗೆ ಅದರ ತಲೆ ಕತ್ತರಿಸಿ, ಒಂದೆರಡು ಕಣ್ಣುಗಳಿರುವ ಕಸಿಕಡ್ಡಿಯನ್ನು ಬೆಣೆಯಂತೆ ಸೀಳಿನಲ್ಲಿ ಕೂರಿಸಿ ಪಟ್ಟಿ ಸುತ್ತುತ್ತಾರೆ. ಮುಂದೆ ಏಪ್ರಿಲ್ ಚಾಟ್ನಿ, ಅಕ್ಟೋಬರ್ ಚಾಟ್ನಿ ಎಂದು ವರ್ಷಕ್ಕೆ ಎರಡು ಬಾರಿ ಕತ್ತರಿ ಆಡಬೇಕು.

ಹಾಗಾದರೆ ಈ ಹಣ್ಣಿಗೆ ಬೀಜವೇ ಇಲ್ಲವೇ? ಇದೆ, ಆದರೆ ಇಲ್ಲ! ಹೂವಿನಲ್ಲಿ ಪರಾಗಸ್ಪರ್ಶವಾಗುತ್ತದೆ, ಬೀಜ ಕಟ್ಟಲು ತೊಡಗುತ್ತದೆ. ಕೆಲವೇ ವಾರಗಳಲ್ಲಿ ಭ್ರೂಣ ಕಮರಿಹೋಗುತ್ತದೆ. ಹಣ್ಣನ್ನು ಉದ್ದಕ್ಕೆ ಸೀಳಿ ನೋಡಿದರೆ ಮೆತ್ತನೆಯ ಸಣ್ಣ ಚುಕ್ಕೆಯೊಂದು ಕಂಡೀತು. ಅದೇ ಕಮರಿದ ಬೀಜ. ಕಾಯಿ ದಪ್ಪವಾಗಲು ಬೇಕಾದ ರಸವನ್ನು ಒದಗಿಸುವುದು ಬೀಜ. ಅದಿಲ್ಲದ್ದರಿಂದ ರೈತ ಗೊನೆಗಳನ್ನು ಜಿಬ್ಬರೆಲಿಕ್ ಆಮ್ಲದ ದ್ರಾವಣದಲ್ಲಿ ಅದ್ದುತ್ತಾನೆ. ಬೀಜದ ಕೆಲಸವನ್ನು ಔಷಧದ ಬಕೆಟ್ ಮಾಡುತ್ತದೆ ಎನ್ನಿ. ಒಣದ್ರಾಕ್ಷಿಗೆ ಈ ಕಡೆ ಬೇದಾಣೆ ಎಂಬ ಹೆಸರೂ ಉಂಟು. ಪಾರ್ಸಿಯಲ್ಲಿ ‘ಬೇ’ ಎಂದರೆ ಇಲ್ಲದ್ದು, ‘ದಾನಾ’ ಎಂದರೆ ಕಾಳು.

ಬೀಜವಿಲ್ಲದೆ ಹೊಸ ತಳಿ ಹುಟ್ಟುವುದು ಹೇಗೆ? ಕೆಲವೊಮ್ಮೆ ಬಳ್ಳಿಯೇ ದಾರಿ ತೋರಿಸುತ್ತದೆ. ಸೊಲ್ಲಾಪುರದ ಆಚೆಯ ನಾನ್ನಜದಲ್ಲಿ ನಾನಾಸಾಹೇಬ ಕಾಳೆ ಅವರ ತೋಟದ ಥಾಮ್ಸನ್ ಬಳ್ಳಿಯಲ್ಲಿ ತಾನಾಗಿ ಆದ ಬದಲಾವಣೆಯಿಂದ ಬಂದದ್ದೇ ಉದ್ದ ಕಾಯಿಯ ಸೋನಾಕಾ. ಅದನ್ನೂ ಬೆಳೆಸಿದ್ದು ಕಡ್ಡಿಯಿಂದಲೇ.

ಅನುಕೂಲದ ಜೊತೆಗೇ ಅಪಾಯವೂ ಇದೆ. ಕಡ್ಡಿಯಿಂದ ಬಂದ ತೋಟವೆಂದರೆ ಒಂದೇ ಬಳ್ಳಿಯ ಸಾವಿರ ತುಂಡು. ಹೂ ಬಿಡುವ ಹೊತ್ತಿಗೆ ಅಕಾಲದ ಮಳೆ ಬಿದ್ದು, ಮೋಡ ಕವಿದು ಡೌನಿ ರೋಗ ಬಂತೋ, ಒಂದು ಬಳ್ಳಿಗೆ ಸೋಂಕಿದ್ದು ತೋಟಕ್ಕೆಲ್ಲ ಸೋಂಕೀತು. ಬರದ ವರ್ಷಗಳಲ್ಲಿ ಟ್ಯಾಂಕರ್ ನೀರನ್ನು ದುಡ್ಡು ಕೊಟ್ಟು ಹಾಯಿಸಿ ಬಳ್ಳಿ ಉಳಿಸಿಕೊಂಡ ತಿಕೋಟಾ ಭಾಗದ ಮನೆಗಳಲ್ಲಿ ಮಕ್ಕಳ ಶಾಲೆಯ ಫೀ, ಮಗಳ ಮದುವೆ ಎಲ್ಲವೂ ಆ ಗೊನೆಗಳಿಗೇ ತೂಗುಬಿದ್ದಿರುತ್ತವೆ.

ಆದ್ದರಿಂದಲೇ ವಿಜ್ಞಾನಿಗಳು ಮತ್ತೆ ಬೀಜದ ಬಾಗಿಲು ತಟ್ಟುತ್ತಾರೆ. ಹೆಸರಘಟ್ಟದ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆಯಲ್ಲಿ ಬೀಜವಿರುವ ಬ್ಲ್ಯಾಕ್ ಚಂಪಾ ಮತ್ತು ಬೀಜವಿಲ್ಲದ ಥಾಮ್ಸನ್ ತಳಿಗಳನ್ನು ಕೂಡಿಸಿ ‘ಅರ್ಕಾವತಿ’ಯನ್ನು ಪಡೆದರು. ತಾಯಿ ಬಳ್ಳಿಗೂ ಬೀಜವಿಲ್ಲದಿದ್ದರೆ ಭ್ರೂಣ ಕಮರುವ ಮೊದಲೇ ಅದನ್ನು ಬಿಡಿಸಿ, ಪ್ರಯೋಗಾಲಯದ ಗಾಜಿನ ನಳಿಕೆಯಲ್ಲಿ ಸಾಕಬೇಕು. ಬಹಳ ನಾಜೂಕಿನ ಕೆಲಸ.

ಮನೆಯಲ್ಲಿ ಅಷ್ಟೆಲ್ಲ ಬೇಕಿಲ್ಲ. ಮಾರುಕಟ್ಟೆಯಿಂದ ಬೀಜವಿರುವ ಬೆಂಗಳೂರು ನೀಲಿ ದ್ರಾಕ್ಷಿ ತನ್ನಿ. ಬೀಜ ತೊಳೆದು ನೀರಿಗೆ ಹಾಕಿ, ತೇಲಿದ್ದನ್ನು ಚೆಲ್ಲಿ, ಮುಳುಗಿದ್ದನ್ನು ಇಟ್ಟುಕೊಳ್ಳಿ. ಕೂಡಲೇ ಬಿತ್ತಿದರೆ ಮೊಳೆಯುವುದು ಅಪರೂಪ. ಚಳಿಗಾಲ ಕಳೆಯಿತೆಂದು ಬೀಜಕ್ಕೆ ಖಾತ್ರಿಯಾಗಬೇಕು. ಅಮೆರಿಕದ ಟ್ರಿಲಿಯಂ ಎಂಬ ಕಾಡುಹೂವಿನ ಕೆಲವು ಜಾತಿಗಳ ಬೀಜ ಎರಡು ಚಳಿಗಾಲ ಕಳೆದ ಮೇಲಷ್ಟೇ ಎಲೆ ತೋರುತ್ತದೆ, ಹೂವಿಗೆ ಮತ್ತೆ ವರ್ಷಗಟ್ಟಲೆ ಕಾಯಬೇಕು. ಅದಕ್ಕೆ ಹೋಲಿಸಿದರೆ ದ್ರಾಕ್ಷಿ ಒಳ್ಳೆಯದು, ಒಂದೇ ಚಳಿಗಾಲ ಸಾಕು. ವಿಜಯಪುರದ ಚಳಿಯನ್ನು ನೆಚ್ಚುವಂತಿಲ್ಲವಾದ್ದರಿಂದ ಒದ್ದೆ ಮರಳಿನೊಂದಿಗೆ ಡಬ್ಬಿಯಲ್ಲಿಟ್ಟು ಫ್ರಿಜ್ಜಿನ ಕೆಳಖಾನೆಯಲ್ಲಿ ಮೂರು ತಿಂಗಳು ಇರಿಸಬೇಕು. ಐಸ್ ಕಟ್ಟುವ ಖಾನೆ ಬೇಡ. ಡಬ್ಬಿಯ ಮೇಲೆ ತಾರೀಖು ಬರೆದಿಡುವುದು ಲೇಸು. ಇಲ್ಲವಾದರೆ ಮನೆಯಲ್ಲಿ ಯಾರಾದರೂ ಚೆಲ್ಲಿಬಿಟ್ಟಾರು!

ಆಮೇಲೆ ಕುಂಡದಲ್ಲಿ ಅರ್ಧ ಅಂಗುಲ ಆಳಕ್ಕೆ ಬಿತ್ತಿ, ಬೆಚ್ಚಗಿನ ಜಾಗದಲ್ಲಿಟ್ಟು, ಮಣ್ಣು ಆರದಂತೆ ನೋಡಿಕೊಂಡರೆ ಕೆಲವು ವಾರಗಳಲ್ಲಿ ಮೊಳಕೆ. ಎಲ್ಲವೂ ಏಳುವುದಿಲ್ಲ. ಎದ್ದದ್ದು ಮೂರು ವರ್ಷ, ನಾಲ್ಕು ವರ್ಷ ಬರೀ ಎಲೆ ಬಿಡುತ್ತಾ ಚಪ್ಪರ ಹತ್ತುತ್ತದೆ. ಐದನೆಯ ತರಗತಿಯ ಹುಡುಗಿ ಬಿತ್ತಿದ ಬಳ್ಳಿ ಅವಳ ಎಸ್ಸೆಸ್ಸೆಲ್ಸಿ ಪರೀಕ್ಷೆಯ ಸುಮಾರಿಗೆ ಕಾಯಿ ಬಿಟ್ಟೀತು. ಅದರ ಬಣ್ಣ, ರುಚಿ ತಾಯಿಬಳ್ಳಿಯಂತೆಯೇ ಇರಬೇಕೆಂದಿಲ್ಲ. ಆ ಒಂದು ಬಳ್ಳಿಯಂಥದು ತಿಕೋಟಾದ ಯಾವ ತೋಟದಲ್ಲೂ ಸಿಗದು.