ಊಟದ ಮೇಜಿನ ಮೇಲಿನ ಲಾರಿಗಳು

ನಮ್ಮ ಮನೆಯಲ್ಲಿ ಮೂವತ್ತೊಂದು ಲಾರಿಗಳಿವೆ. ಇಷ್ಟು ಓದಿದೊಡನೆ ನಾವೇನೋ ದೊಡ್ಡ ಸಾಗಾಣಿಕೆಯ ವ್ಯಾಪಾರದವರೆಂದು ತಾವು ಭಾವಿಸಬಾರದು. ಮೂವತ್ತೊಂದೂ ಸೇರಿ ಗೋಡೆಗೆ ಹೊಡೆದ ನಾಲ್ಕು ಹಲಗೆಗಳ ಮೇಲೆ ನಿಂತಿವೆ. ಒಂದರಲ್ಲಿಯೂ ಹನಿ ಎಣ್ಣೆಯಿಲ್ಲ. ಒಂದಾದರೂ ಒಂದು ಮಾರು ದೂರ ಓಡಿದ್ದಿಲ್ಲ. ಆದರೂ ನಮ್ಮ ಐವತ್ತು ವರ್ಷಗಳ ಸಂಸಾರದಲ್ಲಿ ಅವು ಎಬ್ಬಿಸಿದಷ್ಟು ಧೂಳನ್ನು ಹೆದ್ದಾರಿಯ ಲಾರಿಗಳೂ ಎಬ್ಬಿಸಿರಲಾರವು.

ನಮ್ಮ ಯಜಮಾನರು ಚಿತ್ರದುರ್ಗದವರು. ಪುಣೆ–ಬೆಂಗಳೂರು ರಸ್ತೆಯ ಪಕ್ಕದ ಮನೆಯ ಜಗುಲಿಯಲ್ಲಿ ಕುಳಿತು, ಹೋಗುವ ಬರುವ ಲಾರಿಗಳನ್ನು ಎಣಿಸುತ್ತ ಬೆಳೆದವರು. 1973ರಲ್ಲಿ ಮದುವೆಯಾಗಿ ಅವರ ಹಿಂದೆ ಅಮೆರಿಕದ ಒಹಾಯೊ ರಾಜ್ಯಕ್ಕೆ ಬಂದಾಗ ನಾನು ಕಂಡದ್ದು ಹಿಮವನ್ನು. ಅವರು ಕಂಡದ್ದು ಹದಿನೆಂಟು ಚಕ್ರಗಳ ಲಾರಿಗಳನ್ನು. "ಮುಂದೆ ಎರಡು, ಅದರ ಹಿಂದೆ ಎಂಟು, ಟ್ರೈಲರಿಗೆ ಎಂಟು, ಎಣಿಸಿ ನೋಡು" ಎಂದು ಕಾರು ನಡೆಸುತ್ತಲೇ ನನಗೆ ಪಾಠ ಹೇಳುತ್ತಿದ್ದರು. ಚಳಿಗೆ ಹಲ್ಲು ಕಟಕಟಿಸುತ್ತಿದ್ದ ನನಗೆ ಚಕ್ರಗಳೆಷ್ಟಾದರೇನು?

ಎರಡು ವರ್ಷಗಳಾದ ಮೇಲೆ ಒಂದು ಶನಿವಾರ ಹಾಲು, ಉಪ್ಪು ತರಲು ಹೋದವರು ಬಣ್ಣದ ಚಿತ್ರವಿದ್ದ ದೊಡ್ಡ ರಟ್ಟಿನ ಪೆಟ್ಟಿಗೆಯೊಂದನ್ನು ತಂದರು. ಉಪ್ಪು ಮರೆತಿತ್ತು. ಪೆಟ್ಟಿಗೆಯಲ್ಲಿದ್ದುದು ಮಿಷಿಗನ್ ರಾಜ್ಯದ ಎ.ಎಂ.ಟಿ. ಕಂಪನಿಯವರು ಮಾಡಿದ ಪೀಟರ್‌ಬಿಲ್ಟ್ 359 ಲಾರಿಯ ಪ್ರತಿಕೃತಿ. ಪ್ರತಿಕೃತಿಯೆಂದರೆ ಇಡಿಯಾಗಿ ಅಲ್ಲ, ಬಿಡಿಬಿಡಿಯಾಗಿ. ಪ್ಲಾಸ್ಟಿಕ್ ಚೌಕಟ್ಟುಗಳಿಗೆ ದ್ರಾಕ್ಷಿಯ ಗೊಂಚಲಿನಂತೆ ಅಂಟಿಕೊಂಡ ನೂರಾರು ತುಣುಕುಗಳು. ಅವನ್ನು ಕತ್ತರಿಸಿ, ಉಜ್ಜಿ, ಬಣ್ಣ ಬಳಿದು, ಅಂಟಿಸಿ, ಲಾರಿಯನ್ನು ನಾವೇ ಕಟ್ಟಬೇಕು. ಅಂದಿನಿಂದ ಮೂರು ತಿಂಗಳು ನಮ್ಮ ಊಟದ ಮೇಜು ಕಾರ್ಖಾನೆಯಾಯಿತು, ಊಟ ನೆಲಕ್ಕಿಳಿಯಿತು.

ಈ ಕಲೆಯಲ್ಲಿ ಎಲ್ಲವೂ ಇಪ್ಪತ್ತೈದರಲ್ಲೊಂದು. ನಿಜವಾದ ಲಾರಿಯ ಇಪ್ಪತ್ತೈದು ಅಡಿ ಇಲ್ಲಿ ಒಂದು ಅಡಿ. ಐದಡಿ ಎತ್ತರದ ನಾನು ಆ ಲೋಕಕ್ಕೆ ಹೋದರೆ ಆರು ಸೆಂಟಿಮೀಟರ್ ಎತ್ತರದವಳಾಗುತ್ತೇನೆ. ಆ ಲೋಕದಲ್ಲಿ ತಪ್ಪುಗಳು ಮಾತ್ರ ಕುಗ್ಗುವುದಿಲ್ಲ. ಅರ್ಧ ಮಿಲಿಮೀಟರ್ ದಪ್ಪಕ್ಕೆ ಬಣ್ಣ ಕುಳಿತರೆ, ಅದು ನಿಜವಾದ ಲಾರಿಗೆ ಒಂದೂಕಾಲು ಸೆಂಟಿಮೀಟರ್ ದಪ್ಪ ಸುಣ್ಣ ಬಳಿದ ಹಾಗೆ! ಆದ್ದರಿಂದ ತೆಳ್ಳಗೆ, ಮತ್ತೆ ತೆಳ್ಳಗೆ, ಒಣಗಿದ ಮೇಲೆ ಮತ್ತೊಮ್ಮೆ ತೆಳ್ಳಗೆ ಬಳಿಯಬೇಕು. ಅಂಟು ಕೂಡ ಅಂಚೆಯ ಲಕೋಟೆಗೆ ಹಚ್ಚುವ ಗೋಂದಿನಂಥದಲ್ಲ; ಅದು ಪ್ಲಾಸ್ಟಿಕ್ಕನ್ನೇ ಕರಗಿಸಿ ಎರಡು ತುಣುಕುಗಳನ್ನು ಒಂದು ಮಾಡುತ್ತದೆ. ಒಂದು ಹನಿ ಹೆಚ್ಚಾದರೆ ಕಿಟಕಿಯ ಗಾಜಿನ ಮೇಲೆ ಬೆರಳಿನ ಗುರುತು ಶಾಶ್ವತವಾಗಿ ನಿಲ್ಲುತ್ತದೆ.

ಎಲ್ಲಕ್ಕಿಂತ ಕಷ್ಟವಾದದ್ದು ತಳದ ಚೌಕಟ್ಟು. ಉದ್ದನೆಯ ಎರಡು ತೊಲೆಗಳು ಕೂದಲಿನಷ್ಟು ಸೊಟ್ಟಗಾದರೂ ಹತ್ತು ಚಕ್ರಗಳಲ್ಲಿ ಒಂದು ನೆಲ ಮುಟ್ಟದೆ, ಕುಂಟುವ ಮಣೆಯಂತೆ ಲಾರಿ ಅಲುಗಾಡುತ್ತದೆ. ಅದಕ್ಕಾಗಿ ಯಜಮಾನರು ಒಂದು ಗಾಜಿನ ಹಲಗೆಯ ಮೇಲಿಟ್ಟು ಪರೀಕ್ಷಿಸುತ್ತಿದ್ದರು. ಆ ಗಾಜು ನನ್ನ ಮದುವೆಯ ಚಿತ್ರದ ಚೌಕಟ್ಟಿನದೆಂದು ನನಗೆ ತಿಳಿದದ್ದು ಬಹಳ ದಿನಗಳ ಮೇಲೆ.

ಎಂಜಿನ್ನಿಗೆ ಮೂರು ಬಣ್ಣ ಬಳಿದು, ಕೂದಲೆಳೆಯಂಥ ತಂತಿಗಳಿಂದ ಕೊಳವೆಗಳನ್ನು ಜೋಡಿಸಿ, ಕಡೆಗೆ ಬಾನೆಟ್ಟು ಮುಚ್ಚಿಬಿಡುವುದನ್ನು ಕಂಡು ನಾನೊಮ್ಮೆ ಕೇಳಿದೆ: "ಮುಚ್ಚಿದ ಮೇಲೆ ಇದನ್ನು ಯಾರು ನೋಡುತ್ತಾರೆ?" ಅವರು ತಲೆಯೆತ್ತದೆಯೇ ಉತ್ತರ ಕೊಟ್ಟರು: "ಹೋಳಿಗೆಯೊಳಗಿನ ಹೂರಣವನ್ನು ಯಾರು ನೋಡುತ್ತಾರೆ? ಅದನ್ನೇಕೆ ಅಷ್ಟು ನುಣ್ಣಗೆ ರುಬ್ಬುತ್ತೀ?" ನಾನು ಸುಮ್ಮನೆ ಒಳಗೆ ಹೋದೆ.

ಒಂದೊಂದು ಲಾರಿಗೂ ಒಂದೊಂದು ಕಥೆಯಿತ್ತು. ಪೀಟರ್‌ಮನ್ ಎಂಬ ಮರದ ವ್ಯಾಪಾರಿ ಕಾಡಿನಿಂದ ದಿಮ್ಮಿ ಸಾಗಿಸಲು ತಕ್ಕ ಲಾರಿ ಬೇಕೆಂದು, ಮುಳುಗುತ್ತಿದ್ದ ಒಂದು ಲಾರಿ ಕಾರ್ಖಾನೆಯನ್ನೇ ಕೊಂಡು, 1939ರಲ್ಲಿ ಪೀಟರ್‌ಬಿಲ್ಟನ್ನು ಆರಂಭಿಸಿದನಂತೆ. ಕೆಂಟ್ ಮತ್ತು ವರ್ತಿಂಗ್ಟನ್ ಎಂಬಿಬ್ಬರ ಹೆಸರುಗಳನ್ನು ಬೆಸೆದು 1923ರಲ್ಲಿ ಕೆನ್‌ವರ್ತ್ ಹುಟ್ಟಿತಂತೆ. ಕೆಲವು ಲಾರಿಗಳಿಗೆ ಮೂಗೇ ಇಲ್ಲವೇಕೆಂದು ನಾನು ಕೇಳಿದೆ. ಲಾರಿ, ಟ್ರೈಲರು ಎರಡೂ ಸೇರಿ ಇಷ್ಟೇ ಉದ್ದವಿರಬೇಕೆಂದು ಅಲ್ಲಿನ ರಾಜ್ಯಗಳ ಕಾಯಿದೆಯಿತ್ತು; ಸಾಮಾನಿಗೆ ಜಾಗ ಸಿಗಲೆಂದು ಮೂಗನ್ನೇ ಕತ್ತರಿಸಿ, ಎಂಜಿನ್ನಿನ ಮೇಲೆಯೇ ಚಾಲಕನನ್ನು ಕೂರಿಸಿದರು. 1982ರ ಕಾನೂನು ದೊಡ್ಡ ಹೆದ್ದಾರಿಗಳಲ್ಲಿ ಟ್ರೈಲರಿನ ಉದ್ದವನ್ನು ಮಾತ್ರ ಲೆಕ್ಕಕ್ಕೆ ಹಿಡಿದ ಮೇಲೆ ಮೂಗಿಲ್ಲದವು ಕ್ರಮೇಣ ಅಲ್ಲಿನ ಹೆದ್ದಾರಿಗಳಿಂದ ಮರೆಯಾದವು. ನಮ್ಮ ಹಲಗೆಯ ಮೇಲೆ ಮಾತ್ರ ಏಳು ಉಳಿದಿವೆ.

ಇನ್ನು ನಾನು ಹೇಳಬೇಕಾದ ಮುಖ್ಯ ಸಂಗತಿಗೆ ಬರುತ್ತೇನೆ. ಇದನ್ನು ನಲವತ್ತು ವರ್ಷ ಯಾರಿಗೂ ಹೇಳಿರಲಿಲ್ಲ.

1984ರ ಚಳಿಗಾಲದಲ್ಲಿ ಧಾರವಾಡದಿಂದ ತಂತಿ ಬಂತು. ನನ್ನ ತಂದೆ ತೀರಿಕೊಂಡಿದ್ದರು. ವಿಮಾನಕ್ಕೆ ಹಣವಿರಲಿಲ್ಲ, ಇದ್ದರೂ ನಾನು ಮುಟ್ಟುವ ವೇಳೆಗೆ ಎಲ್ಲವೂ ಮುಗಿದಿರುತ್ತಿತ್ತು. ಅಂದು ರಾತ್ರಿ ನಾನು ಅಡಿಗೆಮನೆಯ ನೆಲದ ಮೇಲೆ ಕುಳಿತು ಅಳುತ್ತಿದ್ದರೆ, ಯಜಮಾನರು ಮೇಜಿನ ಮುಂದೆ ಕುಳಿತು ಮ್ಯಾಕ್ ಲಾರಿಗೆ ಅಂಟು ಹಚ್ಚುತ್ತಿದ್ದರು. ಒಂದು ಮಾತಿಲ್ಲ. ಇವರದು ಹೃದಯವೋ, ಇದೂ ಪ್ಲಾಸ್ಟಿಕ್ಕೋ ಎಂದುಕೊಂಡೆ.

ಮೂರು ದಿನಗಳ ಮೇಲೆ ಧೂಳು ಹೀರುವ ಯಂತ್ರವನ್ನು ಹಾಯಿಸುತ್ತಿದ್ದಾಗ ಅದರ ಕೊಳವೆಯೊಳಗೆ 'ಟಿಕ್' ಎಂದಿತು. ಏನೋ ಸಣ್ಣ ಚೂರು ಒಳಗೆ ಹೋಯಿತು. ನನಗೆ ಗೊತ್ತಾಯಿತು, ಆದರೆ ಯಂತ್ರ ನಿಲ್ಲಿಸಲಿಲ್ಲ. ಸಂಜೆ ಬಂದವರು ಕೈದೀಪ ಹಿಡಿದು, ಮೊಣಕಾಲೂರಿ, ಎರಡು ದಿನ ನೆಲವೆಲ್ಲ ಹುಡುಕಿದರು. ಕಳೆದದ್ದು ಮ್ಯಾಕ್ ಲಾರಿಯ ಬಾನೆಟ್ಟಿನ ತುದಿಯಲ್ಲಿ ನಿಲ್ಲುವ ಬುಲ್‌ಡಾಗ್ ನಾಯಿ; ಹೆಸರುಕಾಳಿನಷ್ಟು ಗಾತ್ರದ್ದು. ನಾನು ಹಿಟ್ಟು ನಾದುತ್ತ ನೋಡುತ್ತಿದ್ದೆ. ಆ ಲಾರಿ ನಾಯಿಯಿಲ್ಲದೆಯೇ ಹಲಗೆಯೇರಿತು. ಮೂಗಿನ ತುದಿಯ ಸಾಸಿವೆಯಷ್ಟು ತೂತು ಧೂಳು ಒರೆಸುವಾಗಲೆಲ್ಲ ನನ್ನ ಕಣ್ಣಿಗೆ ಬೀಳುತ್ತಿತ್ತು.

ಮೂರು ವರ್ಷಗಳ ಹಿಂದೆ ಯಜಮಾನರ ಬಲಗೈ ನಡುಗಲಾರಂಭಿಸಿತು. ಕಂಪವಾತವೆಂದು ವೈದ್ಯರು ಹೇಳಿದರು. ಕಾಫಿಯ ಲೋಟವನ್ನು ಎರಡು ಕೈಯಲ್ಲಿ ಹಿಡಿಯಬಹುದು. ಕುಂಚವನ್ನು ಹಿಡಿಯುವುದು ಹೇಗೆ? ಅರ್ಧಕ್ಕೆ ನಿಂತ ಕೆನ್‌ವರ್ತನ್ನು ಅವರೇ ಪೆಟ್ಟಿಗೆಯೊಳಗಿಟ್ಟು, ದಾರ ಕಟ್ಟಿ, ನೆಲಮಾಳಿಗೆಗೆ ಒಯ್ದರು. ಊಟದ ಮೇಜು ಖಾಲಿಯಾಯಿತು. ಯಾವ ಮೇಜಿಗಾಗಿ ಐವತ್ತು ವರ್ಷ ಜಗಳವಾಡಿದ್ದೆನೋ ಅದರ ಮುಂದೆ ಕುಳಿತು ಒಂದು ತುತ್ತೂ ಇಳಿಯದಾಯಿತು.

ಒಂದು ದಿನ ನಾನೇ ಆ ಪೆಟ್ಟಿಗೆಯನ್ನು ಮೇಲೆ ತಂದೆ. "ನಮ್ಮವ್ವನಿಂದ ಕಸೂತಿ ಕಲಿತ ಕೈ ಇದು. ಎಳೆ ಎಣಿಸಿ ಹೊಲಿಗೆ ಹಾಕಬಲ್ಲ ನನಗೆ ನಿಮ್ಮ ತಂತಿ ಕೂಡಿಸಲು ಬಾರದೇನು? ನೀವು ಹೇಳಿ, ನಾನು ಮಾಡುತ್ತೇನೆ" ಎಂದೆ. ಅವರು ಬಹಳ ಹೊತ್ತು ಕಿಟಕಿಯತ್ತ ನೋಡುತ್ತಿದ್ದು, ಆಮೇಲೆ, "ಮೊದಲು ಕೈ ತೊಳೆದುಕೊಂಡು ಬಾ. ಜಿಡ್ಡಿದ್ದರೆ ಬಣ್ಣ ಹಿಡಿಯುವುದಿಲ್ಲ" ಎಂದರು.

ಗುರುವಾಗಿ ಅವರು ಬಹು ಕಠೋರರು. ಅಂಟಿಸುವ ಮೊದಲು ಒಣಗಿದಂತೆಯೇ ಜೋಡಿಸಿ ನೋಡಬೇಕು; ಅಂಟಿಸಿದ ಮೇಲೆ ಮರುದಿನದವರೆಗೆ ಮುಟ್ಟಬಾರದು; ನೀರಿನಲ್ಲಿ ನೆನೆಸಿದ ಹೆಸರಿನ ಪಟ್ಟಿಯನ್ನು ಎಳೆಯಬಾರದು, ಜಾರಿಸಬೇಕು. ನಾನು ಎರಡು ಬಾಗಿಲುಗಳನ್ನು ಕೆಡಿಸಿದೆ, ಒಂದು ಕನ್ನಡಿ ಮುರಿದೆ. ಆದರೂ ಚಳಿಗಾಲ ಮುಗಿಯುವ ಮೊದಲು ಕೆನ್‌ವರ್ತ್ ಗಾಜಿನ ಮೇಲೆ ನಿಂತಿತು. ಹತ್ತು ಚಕ್ರಗಳೂ ಗಾಜು ಮುಟ್ಟಿದ್ದವು.

ಅಂದು ರಾತ್ರಿ ಧೈರ್ಯ ಮಾಡಿ, "ಆ ಮ್ಯಾಕ್ ಲಾರಿಯ ನಾಯಿಯನ್ನು ಕಳೆದವಳು ನಾನೇ. ಗೊತ್ತಿದ್ದೂ ಕಳೆದೆ" ಎಂದು ಹೇಳಿಬಿಟ್ಟೆ.

"ಗೊತ್ತು," ಎಂದರು. "ಆ ವಾರ ನೀನು ಯಂತ್ರದ ಚೀಲವನ್ನು ಅರ್ಧ ತುಂಬುವ ಮೊದಲೇ ಎಸೆದೆ. ಅರ್ಧ ತುಂಬಿದ್ದನ್ನು ಎಸೆಯುವ ಹೆಂಗಸಲ್ಲ ನೀನು. ನಾನು ಅದನ್ನು ತಿಳಿದು ಹೊರಗೆ ಓಡುವಷ್ಟರಲ್ಲಿ ಕಸದ ಲಾರಿ ತಿರುವು ದಾಟಿತ್ತು. ಅದೂ ಮ್ಯಾಕ್ ಲಾರಿಯೇ! ಬುಲ್‌ಡಾಗನ್ನು ಬುಲ್‌ಡಾಗೇ ಒಯ್ದಿತು."

ಈ ಹಾಸ್ಯವನ್ನು ನಲವತ್ತು ವರ್ಷ ಹೊಟ್ಟೆಯಲ್ಲಿಟ್ಟುಕೊಂಡಿದ್ದರಲ್ಲ! ನಾನು ನಕ್ಕೆನೋ ಅತ್ತೆನೋ ನನಗೇ ತಿಳಿಯದು. ಸ್ವಲ್ಪ ಹೊತ್ತಿನ ಮೇಲೆ ಅವರೇ ಮೆಲ್ಲಗೆ ಹೇಳಿದರು: "ಅಂದು ನಿನಗೆ ಏನು ಹೇಳಬೇಕೆಂದು ತೋಚಲಿಲ್ಲ. ಮಲಗಿಬಿಡಲೂ ಮನಸ್ಸು ಬರಲಿಲ್ಲ. ನೀನು ಏಳುವವರೆಗೆ ಅಲ್ಲೇ ಕುಳಿತಿರೋಣವೆಂದು ಏನೋ ಅಂಟಿಸುತ್ತಿದ್ದೆ."

ಮ್ಯಾಕ್ ಲಾರಿಗೆ ಬುಲ್‌ಡಾಗ್ ಬಂದ ಬಗೆಯನ್ನು ಅವರು ನನಗೆ ಹೇಳಿದ್ದು ಆಗಲೇ. ಮೊದಲನೆಯ ಮಹಾಯುದ್ಧದಲ್ಲಿ ಕೆಸರಿನಲ್ಲಿ ಹಠ ಬಿಡದೆ ಸಾಗುತ್ತಿದ್ದ ಆ ಲಾರಿಗಳಿಗೆ ಬ್ರಿಟಿಷ್ ಸೈನಿಕರು ಇಟ್ಟ ಅಡ್ಡಹೆಸರದು. ಬಾನೆಟ್ಟಿನ ಮೇಲಿನ ಗೊಂಬೆಯನ್ನು ಮೊದಲು ಕೆತ್ತಿದವನು ಕಂಪನಿಯ ಮುಖ್ಯ ಎಂಜಿನಿಯರ್ ಆಲ್ಫ್ರೆಡ್ ಮಸೂರಿ. 1932ರಲ್ಲಿ, ಆಸ್ಪತ್ರೆಯಲ್ಲಿ ಚೇತರಿಸಿಕೊಳ್ಳುತ್ತಿದ್ದಾಗ. ಮರುವರ್ಷವೇ ಆತ 'ಆಕ್ರನ್' ಎಂಬ ವಾಯುನೌಕೆಯ ಅಪಘಾತದಲ್ಲಿ ತೀರಿಕೊಂಡ. ನಾಯಿ ಮಾತ್ರ ಇಂದಿಗೂ ನಿಂತಿದೆ.

ರೋಗಿಯೊಬ್ಬ ಹಾಸಿಗೆಯಲ್ಲಿದ್ದು ಕೆತ್ತಬಹುದಾದರೆ ನಾನೇಕೆ ಕೆತ್ತಬಾರದು? ಒಡೆದ ಚೌಕಟ್ಟಿನ ಚೂರೊಂದನ್ನು ಹಿಡಿದು, ಭೂತಗನ್ನಡಿಯ ಕೆಳಗೆ ಹನ್ನೊಂದು ದಿನ ಕೆತ್ತಿದೆ. ಮೊದಲ ನಾಲ್ಕು ನಾಯಿಗಳು ಬೆರಳಿನಿಂದ ಹಾರಿ ಎಲ್ಲಿ ಹೋದವೋ! ಐದನೆಯದು ನಿಂತಿತು. ಮೊಮ್ಮಗ ಅದನ್ನು ನೋಡಿ, "ಅಜ್ಜಿ, ನೀರಾನೆ ಚೆನ್ನಾಗಿದೆ" ಎಂದ.

ಬಣ್ಣದ ವಿಷಯದಲ್ಲಿ ಮತ್ತೆ ಜಗಳವಾಯಿತು. ಎಂಜಿನ್ನು, ಗೇರುಪೆಟ್ಟಿಗೆ, ಅಚ್ಚುಗಳು ಎಲ್ಲವೂ ಮ್ಯಾಕ್ ಕಂಪನಿಯವೇ ಆಗಿದ್ದರೆ ನಾಯಿಗೆ ಬಂಗಾರದ ಬಣ್ಣ. ಹೊರಗಿನ ಭಾಗ ಬೆರೆತಿದ್ದರೆ ಬೆಳ್ಳಿಯ ಬಣ್ಣ. ಇದು ಆ ಕಂಪನಿಯ ಸಂಪ್ರದಾಯ. "ಲಾರಿ ನನ್ನ ಕೈಯದು, ನಾಯಿ ನಿನ್ನ ಕೈಯದು. ಆದ್ದರಿಂದ ಬೆಳ್ಳಿ" ಎಂದು ಅವರ ವಾದ. ಎರಡೂ ಒಂದೇ ಮನೆಯ ಕೈಗಳೆಂದು ನನ್ನ ವಾದ. ಕುಂಚ ನನ್ನ ಕೈಯಲ್ಲಿತ್ತು, ಬಂಗಾರವನ್ನೇ ಬಳಿದೆ.

ಈಗ ಮೇಜಿನ ಮೇಲೆ ಮೂವತ್ತೆರಡನೆಯ ಪೆಟ್ಟಿಗೆ ಬಿಚ್ಚಿದೆ. ತಟ್ಟೆಗಳನ್ನು ತೊಡೆಯ ಮೇಲಿಟ್ಟುಕೊಂಡು ಉಣ್ಣುತ್ತಿದ್ದೇವೆ. ಧೂಳು ಹೀರುವ ಯಂತ್ರದ ಮೂತಿಗೆ ಹಳೆಯ ಕಾಲುಚೀಲವೊಂದನ್ನು ಬಿಗಿದು ಕಟ್ಟಿದ್ದೇನೆ.