ಕಾಳಿಯ ಹಳೆಯ ಸೇತುವೆ, ಅಂಕೋಲೆಯ ಪರದೆ

ಸದಾಶಿವಗಡದಿಂದ ಕಾರವಾರಕ್ಕೆ ಬರುವ ಬಸ್ಸು ಕಾಳಿ ನದಿ ದಾಟುವಾಗ ನನ್ನ ಕಣ್ಣು ಈಗಲೂ ಪಕ್ಕಕ್ಕೆ ಹೊರಳುತ್ತದೆ. ಅಲ್ಲಿದ್ದ ಹಳೆಯ ಸೇತುವೆ 2024ರ ಆಗಸ್ಟ್ 7ರ ನಡುರಾತ್ರಿ ಕುಸಿಯಿತು. ಲಾರಿಯೊಂದು ಹೊಳೆಗೆ ಬಿತ್ತು. ಚಾಲಕ ಬದುಕಿದ್ದು ಪುಣ್ಯ.

ಕಳೆದ ಭಾನುವಾರ ಹಾಗೆಯೇ ಹೊಳೆ ದಾಟಿ, ಕಾರವಾರದಲ್ಲಿ ಬಸ್ಸು ಬದಲಿಸಿ ಅಂಕೋಲೆಗೆ ಹೋದೆ. ನನ್ನಲ್ಲಿ ವಿಜ್ಞಾನ ಕಲಿತು ಈಗ ಪಿಯುಸಿ ಓದುವ ಹುಡುಗ, ‘ಸರ್, ಒಂದು ತೋರಿಸ್ಬೇಕು’ ಎಂದು ಕರೆದಿದ್ದ. ಕಂಪ್ಯೂಟರಿನಲ್ಲಿ ಅವನೇ ಕಟ್ಟಿದ ಆಟ. ಕಾರವಾರದ ಟ್ಯಾಗೋರ್ ಕಡಲತೀರ, ದಡದಲ್ಲಿ ಐಎನ್‌ಎಸ್ ಚಪಲ್ ಯುದ್ಧನೌಕೆ, ಮರಳಿನ ಮೇಲೊಂದು ದೊಡ್ಡ ಪರದೆ. ಪರದೆಯಲ್ಲಿ ಹಳೆಯ ಸೇತುವೆ! ಹಿಂದೆಂದೋ ಬಸ್ಸಿನ ಕಿಟಕಿಯಿಂದ ತೆಗೆದ ವಿಡಿಯೋ.

ಆಟದೊಳಗಿನ ಪರದೆಯೆಂದರೆ ಬರಿಯ ಆಯತ. ಗೋಡೆಗೆ ಕ್ಯಾಲೆಂಡರ್ ಅಂಟಿಸಿದಂತೆ ಅದಕ್ಕೆ ವಿಡಿಯೋದ ಒಂದೊಂದೇ ಚಿತ್ರ ಅಂಟುತ್ತದೆ, ಸೆಕೆಂಡಿಗೆ 30. ಆಟ ಸೆಕೆಂಡಿಗೆ 60 ಬಾರಿ ದೃಶ್ಯ ಬಿಡಿಸಿದರೆ ಪ್ರತಿ ಚಿತ್ರವೂ ಎರಡೆರಡು ಸಲ ಕಾಣುತ್ತದೆ. ಓರೆಯಾಗಿ ನಿಂತು ನೋಡಿದರೆ ಸೇತುವೆಯೂ ಓರೆ.

ಒಂದು ಮಾತ್ರ ಸರಿಬರಲಿಲ್ಲ. ಆಟದಲ್ಲಿ ರಾತ್ರಿ, ಪರದೆ ಹೊಳೆಯುತ್ತಿದ್ದರೂ ಎದುರಿನ ಮರಳು ಕಪ್ಪು. ಟೆಂಟ್ ಸಿನೆಮಾದಲ್ಲಿ ಬೆಳಕು ನಮ್ಮ ಮುಖದ ಮೇಲೆಲ್ಲ ಆಡುತ್ತಿತ್ತಲ್ಲ?

‘ಅದು ಬರೀ ಬಣ್ಣ ಸರ್, ಬೆಳಕು ಬೇರೆ ಇಡಬೇಕು’ ಎಂದ. ಪರದೆಯ ಮುಂದೆ ಕಾಣದ ದೀಪವೊಂದನ್ನಿಟ್ಟು, ಆಯಾ ಚಿತ್ರದ ಸರಾಸರಿ ಬಣ್ಣವನ್ನು ಅದಕ್ಕೆ ಕೊಟ್ಟ. ಮರಳಿನ ಮೇಲೆ ಕಾಳಿಯ ನೀಲಿ ಹರಡಿತು.

‘ಇದೂ ಓದೇ ಏನು ಮಾಸ್ತರೇ?’ ಎಂದು ಬಾಗಿಲಲ್ಲೇ ನಿಂತು ಕೇಳಿದ್ದ ಅವನ ತಾಯಿ ಸೇತುವೆ ಕಂಡು ಒಳಗೆ ಬಂದು ಕುಳಿತರು. ‘ಇನ್ನೊಮ್ಮೆ ಹಾಕೋ’ ಎಂದರು.